ಫರಂಗಿಯ ಮೆಣಸು, ಕೇಶ್ವಾಪುರದ ನಾತಾಳ

ಹುಬ್ಬಳ್ಳಿಯ ರೈಲು ನಿಲ್ದಾಣದ ಉತ್ತರಕ್ಕೆ, ರೈಲ್ವೆಯ ವಸತಿಗಳಿಗೂ ಗದಗ ರಸ್ತೆಯ ಕಾರ್ಖಾನೆಗೂ ನೆರೆಯಾಗಿ ಬೆಳೆದು ನಿಂತ ಕೇಶ್ವಾಪುರವು ಪೋರ್ಚುಗೀಸರ ಆಳಿಕೆಗೆ ಒಂದು ದಿನವೂ ಒಳಪಟ್ಟುದಲ್ಲ. ಅವರ ಹಡಗುಗಳು ಬಂದು ತಂಗಿದ ಅಂಕೋಲೆ, ಹೊನ್ನಾವರ, ಭಟಕಳಗಳಿಗೂ ಈ ಎರೆನಾಡಿಗೂ ನಡುವೆ ಸಹ್ಯಾದ್ರಿಯೇ ಅಡ್ಡಗೋಡೆಯಾಗಿದೆ. ಹಾಗಿದ್ದರೂ ಡಿಸೆಂಬರ್ ತಿಂಗಳು ಮುಗಿಯುತ್ತ ಬಂದು ನಾತಾಳ, ಎಂದರೆ ಕ್ರಿಸ್ಮಸ್, ಹತ್ತಿರವಾದಂತೆ ಅಲ್ಲಿಯ ಕ್ಯಾಥೊಲಿಕ್ ಮನೆಗಳವರು ಗೋದಲಿ ಕಟ್ಟಿ, ನಕ್ಷತ್ರದೀಪವನ್ನು ತೂಗಿಬಿಟ್ಟು, ನೆವ್ರಿ, ದೋದೋಲ್, ಕುಲ್ಕುಲ್‌ಗಳ ತಟ್ಟೆಗೆ ಕಸೂತಿಯ ವಸ್ತ್ರವೊಂದನ್ನು ಮುಚ್ಚಿ ನೆರೆಮನೆಗೆ ಕಳಿಸುವಾಗ, ಅದನ್ನು ಕೈನೀಡಿ ತೆಗೆದುಕೊಂಡ ಹುಬ್ಬಳ್ಳಿಯ ಗೃಹಸ್ಥನು "ಇದು ಪೋರ್ಚುಗೀಸರ ಕಾಲದ ತಿನಿಸು" ಎಂದು ಮನೆಯವರಿಗೆ ತಿಳಿಯಹೇಳುವುದುಂಟು. ಹೇಳಿ, ತನ್ನ ಊಟದ ಕಡೆಗೆ ತಿರುಗಿ, ಜೋಳದ ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ಉಣ್ಣತೊಡಗುವನು. ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದವರಿಗೆ ಇದರಲ್ಲಿಯ ವಿನೋದವು ಹೊಳೆಯದಿರದು. ಪೋರ್ಚುಗೀಸರು ತಂದುದು ಅವನ ರೊಟ್ಟಿಯ ಮೇಲಿನ ಆ ಖಾರವನ್ನು. ನೆರೆಮನೆಯಿಂದ ಬಂದ ತಟ್ಟೆಯಲ್ಲಿದ್ದುದರ ಬಹುಭಾಗವು ಇದೇ ದೇಶದ ಅಕ್ಕಿ, ತೆಂಗು, ಬೆಲ್ಲಗಳ ಪಾಕ. ಈ ವಿಪರ್ಯಾಸವು ಹೇಗೆ ಸಂಭವಿಸಿತೆಂಬುದನ್ನು ಹೇಳಹೊರಟರೆ ಐದು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕಾಗುವುದು.

ಕನ್ನಡದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದುದು ಹದಿನಾರನೆಯ ಶತಮಾನದ ಆರಂಭಕಾಲದಲ್ಲಿ. ಬದನೆಕಾಯಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ ಆ ರಸಿಕ ಕವಿಗೆ ಹಸಿಮೆಣಸಿನಕಾಯಿಯ ರುಚಿ ಗೊತ್ತಿರಲಿಲ್ಲ. ಬಟಾಟೆಯ ಹೆಸರನ್ನು ಆತ ಕೇಳಿರಲಿಲ್ಲ. ಗೋಡಂಬಿ, ಪೇರಲ, ಅನಾನಸು, ಪಪ್ಪಾಯಿಗಳು ಆತನ ಕಾಲದ ಕನ್ನಡ ನಾಡಿನಲ್ಲಿ ಇರಲೇ ಇಲ್ಲ. ಖಾರವೆಂದರೆ ಆಗ ಕರಿಮೆಣಸು, ಇಲ್ಲವೆ ಶುಂಠಿ. ಆ ಕರಿಮೆಣಸಿನ ಆಸೆಯೇ ಪೋರ್ಚುಗೀಸರನ್ನು ನಮ್ಮ ಕರಾವಳಿಗೆ ಎಳೆದು ತಂದಿತು. 1510ರ ನವೆಂಬರ್ 25ರಂದು ಅಫೊನ್ಸೊ ದ ಆಲ್ಬುಕರ್ಕನು ಗೋವೆಯನ್ನು ಬಿಜಾಪುರದ ಆದಿಲಶಾಹಿಯ ಕೈಯಿಂದ ಎರಡನೆಯ ಸಲ ಕಿತ್ತುಕೊಂಡಾಗ, ಆ ಸಾಹಸಕ್ಕೆ ಅವನನ್ನು ಪ್ರೇರಿಸಿ ನೆರವಾದವನು ಅವರ ಬರಹಗಳಲ್ಲಿ ‘ತಿಮೋಜ’ನೆಂದು ಕರೆಯಿಸಿಕೊಳ್ಳುವ ನಮ್ಮ ಹೊನ್ನಾವರದ ತಿಮ್ಮಯ್ಯ. ವಿಜಯನಗರಕ್ಕೆ ಕುದುರೆಗಳು ಬೇಕಾಗಿದ್ದವು, ಪೋರ್ಚುಗೀಸರಿಗೆ ಮೆಣಸೂ ಅರಿವೆಗಳೂ ಬೇಕಾಗಿದ್ದವು. ಈ ಪರಸ್ಪರ ಗರಜು 1547ರಲ್ಲಿ ಸದಾಶಿವರಾಯನಿಗೂ ಗೋವೆಯ ಗವರ್ನರನಾಗಿದ್ದ ಜುವಾಂವ್ ದ ಕಾಸ್ತ್ರೊನಿಗೂ ನಡುವೆ ಕೌಲುಪತ್ರದ ರೂಪವನ್ನೂ ತಾಳಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಇಷ್ಟೆಲ್ಲ ಹೋರಾಟ ಹೂಡಿ ನಮ್ಮ ಮೆಣಸನ್ನು ಹಡಗು ತುಂಬಿಸಿ ಒಯ್ದವರು ಅದರ ಬದಲಿಗೆ ಇನ್ನೊಂದು ಖಾರವನ್ನು ಬಿಟ್ಟುಹೋದರು. ಬಿಟ್ಟುಹೋಗಬೇಕೆಂದು ಬಿಟ್ಟುಹೋದುದಲ್ಲ, ವ್ಯಾಪಾರದ ಲೆಕ್ಕದಲ್ಲಿ ಅದಕ್ಕೆ ಅವರು ಒಂದು ಸಾಲನ್ನೂ ಕೊಟ್ಟಿರಲಾರರು.

ದಕ್ಷಿಣ ಅಮೇರಿಕದ ಬ್ರೆಜಿಲಿನಲ್ಲಿಯೂ ಅವರ ವಸಾಹತು ಇದ್ದುದರಿಂದ, ಅಲ್ಲಿಯ ಪೆರ್ನಾಂಬುಕೊ ಪ್ರಾಂತದ ಮೆಣಸಿನಕಾಯಿಯು ಅವರ ಹಡಗುಗಳ ಮೂಲಕ ಗೋವೆಗೆ ಬಂದು, ಅಲ್ಲಿಂದ ಬೀಜವಾಗಿ ಹರಡಿತು. ಮುಂಬಯಿಯ ಕಡೆಗೆ ಅದನ್ನು ಬಹುಕಾಲ ಗೋವೆಯ ಮಿರ್ಚಿಯೆಂದೇ ಕರೆಯುತ್ತಿದ್ದರು. ಕರಿಮೆಣಸಿಗೆ ಮಲೆನಾಡಿನ ನೆರಳು ಬೇಕು, ಹಬ್ಬುವುದಕ್ಕೆ ಮರ ಬೇಕು, ಫಲಕ್ಕಾಗಿ ವರ್ಷಗಟ್ಟಲೆ ಕಾಯುವ ತಾಳ್ಮೆಯೂ ಶಕ್ತಿಯೂ ಬೇಕು. ಈ ಹೊಸ ಕಾಯಿಯಾದರೋ ಬಡವನ ಹಿತ್ತಿಲಿನಲ್ಲಿ ಕೆಲವೇ ತಿಂಗಳುಗಳಲ್ಲಿ ಹಣ್ಣಾಗಿ, ಅಂಗಳದಲ್ಲಿ ಒಣಗಿ, ವರ್ಷವಿಡೀ ಗಡಿಗೆಯಲ್ಲಿ ಕೆಡದೆ ಉಳಿಯುವುದು. ಶ್ರೀಮಂತರ ಅಡಿಗೆಗೆ ಮೀಸಲಾಗಿದ್ದ ಖಾರವನ್ನು ಅದು ಒಕ್ಕಲಿಗನ ಬುತ್ತಿಗೆ ತಂದಿತು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯ ಮೇಲಿನ ಬ್ಯಾಡಗಿಯ ಸೀಮೆಯು ಅದನ್ನು ಎಷ್ಟರಮಟ್ಟಿಗೆ ತನ್ನದಾಗಿಸಿಕೊಂಡಿತೆಂದರೆ, ಖಾರ ಕಡಿಮೆಯಾಗಿ ಬಣ್ಣ ಗಾಢವಾಗಿ ಮೈಯೆಲ್ಲ ಸುಕ್ಕುಗಟ್ಟಿದ ಅಲ್ಲಿಯ ಕಾಯಿಗೆ 2011ರಲ್ಲಿ ಭೌಗೋಲಿಕ ಸೂಚಕದ ಮನ್ನಣೆಯು ದೊರೆತು, ಈ ನೆಲದ ವಿಶಿಷ್ಟ ಉತ್ಪನ್ನವೆಂದು ಅದು ಸರಕಾರಿ ದಫ್ತರಿನಲ್ಲಿ ದಾಖಲಾಯಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಂದು ಗೋವೆಯ ಕ್ರೈಸ್ತರು ಮೀನಿನ ಹೊಟ್ಟೆಗೆ ತುಂಬುವ ರೆಶಾದ್ ಮಸಾಲೆಯನ್ನು ಅರೆಯುವಾಗ ಆ ಕೆಂಪಿಗಾಗಿ ನೆಚ್ಚುವ ಕಾಯಿಗಳಲ್ಲಿ ಈ ಬ್ಯಾಡಗಿಯದೂ ಒಂದು. ಹಡಗಿನಿಂದ ಗೋವೆಯಲ್ಲಿ ಇಳಿದುದು ಘಟ್ಟ ಹತ್ತಿ ಬಂದು ಕನ್ನಡದ ಕಾಯಿಯಾಗಿ, ಮರಳಿ ಘಟ್ಟ ಇಳಿದು ಗೋವೆಯ ಅಡಿಗೆಯನ್ನು ಸೇರಿತು.

ಮೆಣಸಿನಕಾಯಿಯದು ಒಂದು ಉದಾಹರಣೆ ಮಾತ್ರ. ಹುಬ್ಬಳ್ಳಿಯ ಅಭಿಮಾನದ ತಿನಿಸಾದ ಗಿರಮಿಟ್ಟಿನ ಜೊತೆಗೆ ಬರುವ ಮಿರ್ಚಿ ಭಜಿಯೂ, ಅದರ ಬದಿಯ ಬಾಣಲೆಯಲ್ಲಿ ಉಬ್ಬುವ ಬಟಾಟೆಯ ಭಜಿಯೂ ಸಾಗರದಾಚೆಯ ಅದೇ ಖಂಡದ ಋಣವನ್ನು ಹೊತ್ತವು. ಧಾರವಾಡದವರು ಬೇಸಗೆಯಲ್ಲಿ ಬೇರಾವ ಹಣ್ಣನ್ನೂ ಲೆಕ್ಕಕ್ಕೆ ಹಿಡಿಯದಂತೆ ಮಾಡುವ ಆಪೂಸ ಮಾವಿಗೆ ಗೋವೆಯನ್ನು ಗೆದ್ದ ಆ ಅಫೊನ್ಸೊನ ಹೆಸರೇ ಇದೆಯೆಂಬುದು ರೂಢಿಯ ಮಾತು. ಮಾವು ನಮ್ಮದೇ ಮರವಾದರೂ ಕಸಿ ಕಟ್ಟಿ ಉತ್ತಮ ತಳಿಯನ್ನು ಒಂದೇ ಸಮನೆ ಉಳಿಸಿಕೊಂಡು ಬರುವ ಕೌಶಲವನ್ನು ಗೋವೆಯಲ್ಲಿ ಬೆಳೆಸಿದವರಲ್ಲಿ ಯೇಸುಸಭೆಯ ಪಾದ್ರಿಗಳು ಅಗ್ರಗಣ್ಯರು. ಹೀಗೆ ನೋಡಿದರೆ, ಪೋರ್ಚುಗೀಸರ ಪಾಕಪ್ರಭಾವವು ಇಗರ್ಜಿಯ ನೆರಳನ್ನು ಎಂದೂ ತುಳಿಯದವರ ಮನೆಗಳಲ್ಲಿಯೇ ಹೆಚ್ಚು ನೆಲೆಯಾಗಿದೆ, ಮಠಗಳ ದಾಸೋಹದಲ್ಲಿಯೂ ಕೂಡ.

ಇನ್ನು ಧರ್ಮದ ವಿಷಯ. ಅಲ್ಲಿ ಪ್ರಭುತ್ವವು ಉದ್ದೇಶಪೂರ್ವಕವಾಗಿಯೇ ಕೈಹಾಕಿತು, ಮತ್ತು ಅಲ್ಲಿಯೇ ಅದರ ಯಶಸ್ಸು ಅರೆಬರೆಯಾಯಿತು. 1542ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರನು ಗೋವೆಗೆ ಬಂದನು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಪೀಠವು ಅಲ್ಲಿ ಸ್ಥಾಪಿತವಾಗಿ, ನಡುವೆ ಕೆಲವು ವರ್ಷಗಳ ವಿರಾಮವನ್ನು ಬಿಟ್ಟರೆ, 1812ರವರೆಗೆ ನಡೆಯಿತು. ಹೊಸದಾಗಿ ಕ್ರೈಸ್ತರಾದವರು ಹಳೆಯ ನಡೆವಳಿಕೆಯ ಯಾವ ಎಳೆಯನ್ನೂ ಉಳಿಸಿಕೊಳ್ಳಬಾರದೆಂಬ ಹಟದಿಂದ ಅದು 1736ರಲ್ಲಿ ಹೊರಡಿಸಿದ ಶಾಸನವೊಂದನ್ನು ಓದಿದವರಿಗೆ ನಗಬೇಕೋ ಅಳಬೇಕೋ ತಿಳಿಯದು. ಅಂಗಳದಲ್ಲಿ ತುಳಸಿ ಇರಕೂಡದು. ಗಂಡಸರು ಧೋತರವನ್ನೂ ಹೆಂಗಸರು ಕುಪ್ಪಸವನ್ನೂ ತೊಡಕೂಡದು. ಏಕಾದಶಿಯ ಉಪವಾಸ ಸಲ್ಲದು. ಮದುವೆಯಲ್ಲಿ ಓವಿಯ ಹಾಡುಗಳು ಸಲ್ಲವು. ವಧೂವರರ ಮೈಗೆ ಅರಿಸಿನ, ತೆಂಗಿನೆಣ್ಣೆಗಳ ಲೇಪನ ಸಲ್ಲದು. ಹಿಂದೂಗಳಂತೆ ಉಪ್ಪು ಹಾಕದೆ ಅನ್ನವನ್ನು ಬೇಯಿಸುವುದೂ ಅಪರಾಧ. ಅನ್ನದ ಎಸರಿಗೆ ಉಪ್ಪು ಬೀಳಬೇಕೆಂಬುದನ್ನು ಧರ್ಮರಕ್ಷಣೆಯ ಅಂಗವಾಗಿ ವಿಧಿಸಿದ ರಾಜ್ಯವು ಲೋಕದಲ್ಲಿ ಇನ್ನೊಂದು ಇದ್ದಿತೋ ಏನೋ! ಅಷ್ಟೆಲ್ಲ ಮಾಡಿಯೂ, ಇಂದಿಗೂ ಕೊಂಕಣಿ ಕ್ರೈಸ್ತರ ಮದುವೆಯ ಹಿಂದಿನ ದಿನ ಮದುಮಕ್ಕಳಿಗೆ ತೆಂಗಿನ ಹಾಲನ್ನು ಹಚ್ಚಿ ಮೀಯಿಸುವ ‘ರೋಸ್’ ನಡೆಯುವುದು, ಹಿರಿಯ ಹೆಂಗಸರು ಸುತ್ತ ನಿಂತು ‘ವೋವಿಯೊ’ ಹಾಡುವರು. ಶಾಸನವು ಪತ್ರಾಗಾರವನ್ನು ಸೇರಿತು, ತೆಂಗಿನ ಹಾಲು ಉಳಿಯಿತು.

ಆ ನ್ಯಾಯಪೀಠದ ಭಯ, ತೆರಿಗೆಯ ಭಾರ, ಮರಾಠರ ದಂಡಯಾತ್ರೆ, ಬರಗಾಲ ಇವುಗಳಿಂದ ಬೇಸತ್ತ ಕ್ರೈಸ್ತ ಕುಟುಂಬಗಳು ತಂಡತಂಡವಾಗಿ ದಕ್ಷಿಣಕ್ಕೆ ಸರಿದು ಕನ್ನಡ ಕರಾವಳಿಯನ್ನು ಸೇರಿದುದೂ, ಕೆಳದಿಯ ಅರಸರು ಅವರಿಗೆ ಭೂಮಿಯನ್ನಿತ್ತು ಬಾಳಗೊಟ್ಟುದೂ, ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ 1678ರ ಒಪ್ಪಂದದಿಂದ ಇಗರ್ಜಿಗಳನ್ನು ಕಟ್ಟುವುದಕ್ಕೆ ಅನುಮತಿ ದೊರೆತುದೂ, ಕೆಲವೇ ವರ್ಷಗಳ ತರುವಾಯ ಗೋವೆಯವನೇ ಆದ ಜೋಸೆಫ್ ವಾಜ್ ಪಾದ್ರಿಯು ಅಲ್ಲಿ ಸಂಚರಿಸಿ ಅವರ ಧರ್ಮಜೀವನವನ್ನು ಸರಿಪಡಿಸಿದುದೂ ಕರಾವಳಿಯ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಅವನ್ನು ವಿಸ್ತರಿಸುವ ಸ್ಥಳ ಇದಲ್ಲ. ನಮಗೆ ಇಲ್ಲಿ ಮುಖ್ಯವಾದುದು, ಈ ಕುಟುಂಬಗಳು ತಮ್ಮೊಡನೆ ಒಯ್ದ ಅಡಿಗೆಯ ಸ್ವರೂಪ. ಪೋರ್ಚುಗಲ್ಲಿನ ನಾವಿಕನು ಹಂದಿಯ ಮಾಂಸವನ್ನು ದ್ರಾಕ್ಷಾಮದ್ಯದಲ್ಲಿಯೂ ಬೆಳ್ಳುಳ್ಳಿಯಲ್ಲಿಯೂ ನೆನೆಯಿಟ್ಟು ಕೆಡದಂತೆ ಕಾಯುತ್ತಿದ್ದನು. ಗೋವೆಯ ಅಡಿಗೆಯವಳು ದ್ರಾಕ್ಷಾಮದ್ಯದ ಸ್ಥಳದಲ್ಲಿ ಕಳ್ಳಿನ ಹುಳಿಯನ್ನು ಸುರಿದು, ಜೀರಿಗೆ, ಲವಂಗ, ದಾಲ್ಚಿನ್ನಿಗಳನ್ನು ಅರೆದು ಹಾಕಿ, ಕೆಂಪು ಮೆಣಸಿನಕಾಯಿಯನ್ನು ಧಾರಾಳವಾಗಿ ಸೇರಿಸಿದಾಗ ಅದು ‘ವಿಂದಾಲು’ವಾಯಿತು, ಲಿಸ್ಬನ್ನಿನವನಿಗೆ ಗುರುತು ಹತ್ತದಂತಾಯಿತು. ಗೋದಿಯ ರೊಟ್ಟಿಯಿಲ್ಲದೆ ಪಾದ್ರಿಗಳಿಗೆ ಪೂಜೆಯೂ ಇಲ್ಲ, ಊಟವೂ ಇಲ್ಲ; ಹಿಟ್ಟನ್ನು ಹುಳಿಬರಿಸುವ ಹುದುಗು ಸಿಗದಿದ್ದಾಗ ಸಾಷ್ಟಿಯ ಸೀಮೆಯಲ್ಲಿ ಕಳ್ಳನ್ನೇ ಬೆರೆಸಿ ಪಾವು ಸುಟ್ಟರೆಂದು ಹೇಳುವರು. ಅದೇ ಕಳ್ಳು ಅಕ್ಕಿಯ ಹಿಟ್ಟಿನಲ್ಲಿ ಬೆರೆತಾಗ ಇಡ್ಲಿಯ ದಾಯಾದಿಯಾದ ‘ಸನ್ನ’ವಾಯಿತು. ಮೊಟ್ಟೆ, ತುಪ್ಪ, ತೆಂಗಿನ ಹಾಲುಗಳನ್ನು ಪದರ ಪದರವಾಗಿ ಬೇಯಿಸಿದ ‘ಬೆಬಿಂಕ’ದಲ್ಲಿ ಮೊಟ್ಟೆಯ ಹಳದಿಯ ಧಾರಾಳತೆಯು ಐಬೀರಿಯದ ಕನ್ಯಾಮಠಗಳದು, ಉಳಿದುದು ಕೊಂಕಣದ್ದು.

ಈ ಅಡಿಗೆಯು ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಬಂದುದು ಪಾದ್ರಿಗಳ ಹಿಂದೆಯೂ ಅಲ್ಲ, ದಂಡಿನ ಹಿಂದೆಯೂ ಅಲ್ಲ, ರೈಲುಗಾಡಿಯಲ್ಲಿ. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಧಾನ್ಯವನ್ನು ಸಾಗಿಸುವ ದಾರಿಯಿಲ್ಲದೆ ಜನರು ಸತ್ತುದನ್ನು ಕಂಡ ಸರಕಾರವು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಿಸಿಕೊಳ್ಳುತ್ತಿದ್ದ ನಮ್ಮ ಸೀಮೆಗೆ ಕಬ್ಬಿಣದ ಹಳಿ ಹಾಸುವ ಅಗತ್ಯವನ್ನು ಮನಗಂಡಿತು. ಅದೇ 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಡಂಬಡಿಕೆಯು ಮುರಗೋವಾ ಬಂದರವನ್ನು ಬ್ರಿಟಿಷ್ ಇಂಡಿಯದೊಡನೆ ರೈಲಿನಿಂದ ಜೋಡಿಸುವ ಮಾರ್ಗವನ್ನು ತೆರೆಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿತು. ಆ ದಶಕದಲ್ಲಿಯೇ ಹುಬ್ಬಳ್ಳಿಯಲ್ಲಿ ಅದರ ಕಾರ್ಖಾನೆ ತಲೆಯೆತ್ತಿತು. ಧಾರವಾಡದಲ್ಲಿ ಅದು ತನ್ನ ಮುಖ್ಯ ಕಚೇರಿಗೆಂದು ಕಟ್ಟಿಸಿದ ಭವ್ಯ ಸೌಧದಲ್ಲಿ ಈಗ ಕರ್ನಾಟಕ ಕಾಲೇಜು ನಡೆಯುತ್ತಿರುವುದನ್ನು ಎಲ್ಲರೂ ಬಲ್ಲರು. ಅತ್ತ ಗೋವೆಯಿಂದ ದೂಧಸಾಗರದ ಮಗ್ಗುಲಿನಲ್ಲಿ ಘಟ್ಟವನ್ನು ಕೊರೆದು ಹತ್ತಿದ ದಾರಿಯು 1888ರಲ್ಲಿ ಕ್ಯಾಸಲ್‌ರಾಕನ್ನು ಮುಟ್ಟಿ ಲೋಂಡೆಯ ಕಡೆಯ ಹಳಿಯೊಡನೆ ಕೂಡಿತು. ನಮ್ಮ ಹತ್ತಿಯು ಇಳಿದುಹೋಗಬೇಕೆಂದು ಹಾಕಿದ ಆ ಹಳಿಯ ಮೇಲೆ ಮನುಷ್ಯರು ಏರಿ ಬಂದರು. 1902ರಲ್ಲಿ ಗೋವೆಯ ಆ ಮಾರ್ಗವನ್ನು ನಡೆಯಿಸುವ ಹೊಣೆಯು ಸದರ್ನ್ ಮರಾಠಾ ಕಂಪನಿಗೇ ಬಂದುದರಿಂದಲೂ, 1908ರಲ್ಲಿ ಅದು ಮದ್ರಾಸಿನ ಕಂಪನಿಯೊಡನೆ ಒಂದಾಗಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯಾದುದರಿಂದಲೂ ಹುಬ್ಬಳ್ಳಿಯು ಎರಡು ದಿಕ್ಕಿನ ಕ್ರೈಸ್ತರಿಗೆ ಕೂಡುದಾಣವಾಯಿತು: ಪಶ್ಚಿಮದಿಂದ ಕೊಂಕಣಿಯವರು, ಪೂರ್ವದಿಂದ ತಮಿಳರೂ ತೆಲುಗರೂ ಆಂಗ್ಲೋ ಇಂಡಿಯನ್ನರೂ.

ಗೋವೆಯಲ್ಲಿ ಉದ್ಯಮವಿರಲಿಲ್ಲ, ಜಮೀನು ಕೆಲವರ ಕೈಯಲ್ಲಿತ್ತು. ಆದರೆ ಇಗರ್ಜಿಯ ಶಾಲೆಗಳು ಹುಡುಗರಿಗೆ ಸಂಗೀತವನ್ನು ಕಲಿಸಿದ್ದವು, ಮನೆಗಳು ಯುರೋಪಿಯನ್ನರ ನಾಲಿಗೆಗೆ ಒಗ್ಗುವ ಅಡಿಗೆಯನ್ನು ಕಲಿಸಿದ್ದವು. ಆದುದರಿಂದ ಬ್ರಿಟಿಷ್ ಇಂಡಿಯದಲ್ಲೆಲ್ಲ ಬ್ಯಾಂಡಿನವನಾಗಿ, ಬಬರ್ಚಿಯಾಗಿ, ಬೇಕರಿಯವನಾಗಿ, ದರ್ಜಿಯಾಗಿ, ಗುಮಾಸ್ತನಾಗಿ ಗೋವೆಯವನು ಹೆಸರಾದನು. ರೈಲ್ವೆಯಲ್ಲಂತೂ ಅವನಿಗೆ ಸುಲಭವಾಗಿ ಸ್ಥಳ ಸಿಕ್ಕಿತು. ಅವನು ಬರುವುದಕ್ಕೆ ಅರ್ಧ ಶತಮಾನ ಮೊದಲೇ, 1839ರಲ್ಲಿ, ಹುಬ್ಬಳ್ಳಿಯಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ನೆಲೆಸಿದ್ದರು. ಆದರೆ ಅವರದು ಪ್ರೊಟೆಸ್ಟಂಟ್ ಮತ, ಕನ್ನಡದ ಕೀರ್ತನೆ, ಮಿತವ್ಯಯದ ಹಬ್ಬ. ಸಂತರ ಪ್ರತಿಮೆ, ಮೆರವಣಿಗೆ, ಜಪಸರ, ನವದಿನದ ಪ್ರಾರ್ಥನೆ, ತಪಸ್ಸುಕಾಲದ ನಲವತ್ತು ದಿನಗಳ ಸಂಯಮ, ಅದಕ್ಕೆ ಮುನ್ನಿನ ‘ಇಂತ್ರೂಜ್’ ಕುಣಿದಾಟ ಇವೆಲ್ಲವನ್ನು ಒಳಗೊಂಡ ಕ್ಯಾಥೊಲಿಕ್ ವರ್ಷಚಕ್ರವು ಈ ಊರಿನಲ್ಲಿ ಗಟ್ಟಿಯಾಗಿ ಬೇರೂರಿದುದು ರೈಲಿನ ತರುವಾಯವೇ. ನಮ್ಮ ಜನರು ಇಬ್ಬರನ್ನೂ ‘ಕಿರಿಸ್ತಾನರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವರು. ಅಡಿಗೆಯ ಮನೆಯನ್ನು ನೋಡಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಕೇಶ್ವಾಪುರದ ನಾತಾಳವೆಂದರೆ ಈ ಎಲ್ಲ ದಿಕ್ಕುಗಳ ಸಮಾಗಮ. ಕೊಂಕಣಿಯವರು ‘ಕುಸ್ವಾರ’ವೆಂದು ಕರೆಯುವ ಹಬ್ಬದ ತಿನಿಸುಗಳ ತಟ್ಟೆಯನ್ನು ಒಂದೊಂದಾಗಿ ಪರೀಕ್ಷಿಸಿ ನೋಡುವುದು ಇತಿಹಾಸದ ಅಭ್ಯಾಸಿಗೆ ಲಾಭದಾಯಕ. ತೆಂಗು, ಎಳ್ಳು, ಸಕ್ಕರೆ, ಏಲಕ್ಕಿಗಳನ್ನು ತುಂಬಿ ಅರ್ಧಚಂದ್ರಾಕಾರವಾಗಿ ಮಡಿಚಿ ಕರಿದ ‘ನೆವ್ರಿ’ಯು ಧಾರವಾಡದ ಮುತ್ತೈದೆಯರು ದೀಪಾವಳಿಗೆ ಮಾಡುವ ಕರ್ಚಿಕಾಯಿಯೇ ಹೊರತು ಬೇರೆಯಲ್ಲ. ಅಕ್ಕಿಯ ಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲಗಳನ್ನು ತಾಮ್ರದ ಪಾತ್ರೆಯಲ್ಲಿ ತೋಳು ಸೋಲುವವರೆಗೆ ಮಗುಚಿ ಇಳಿಸುವ ‘ದೋದೋಲ್’ ಪೂರ್ವ ಸಮುದ್ರದ ದ್ವೀಪಗಳವರಿಗೂ ಪರಿಚಿತವಾದ ಸಿಹಿ. ಅದರಲ್ಲಿ ಗೋದಿಯ ಕಣವಾಗಲಿ ಮೊಟ್ಟೆಯ ತುಣುಕಾಗಲಿ ಇಲ್ಲ. ಮೈದೆಯ ಕಣಕವನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿಸುತ್ತಿರುವಾಗ ಮನೆಯ ಮಕ್ಕಳೆಲ್ಲ ಸುತ್ತ ಕುಳಿತು ಕೈಗೂಡಿಸಲೇಬೇಕಾದ ‘ಕುಲ್ಕುಲ್’, ಹಿತ್ತಾಳೆಯ ಹೂವಿನಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ‘ರೋಸ್ ಕುಕ್ಕಿ’ ಇವೆರಡರಲ್ಲಿ ಆಂಗ್ಲೋ ಇಂಡಿಯನ್ನರಿಗೂ ತಮಿಳರಿಗೂ ಸಮಪಾಲು ಇದೆ. ಮಂಗಳೂರ ಕಡೆಯ ಮನೆಯಾದರೆ ಚಕ್ಕುಲಿಯೂ ಅದೇ ತಟ್ಟೆಯನ್ನು ಸೇರುವುದು. ನಿಜವಾಗಿ ಪೋರ್ಚುಗಲ್ಲಿನ ಗುರುತು ಹೇಳುವುದು ಬಹುಶಃ ‘ಪೆರಾದ್’ ಒಂದೇ: ಅವರ ನಾಡಿನಲ್ಲಿ ಬೇರೊಂದು ಹಣ್ಣನ್ನು ಸಕ್ಕರೆಯಲ್ಲಿ ಗಟ್ಟಿಯಾಗಿ ಕುದಿಸಿ ತುಂಡರಿಸುವ ಪದ್ಧತಿಯಿದೆ, ಆ ಹಣ್ಣಿಲ್ಲದೆಡೆಯಲ್ಲಿ ಅವರೇ ಅಮೇರಿಕದಿಂದ ತಂದ ಪೇರಲವನ್ನು ಹಿಡಿದರು. ತಟ್ಟೆಯನ್ನು ನೆರೆಹೊರೆಗೆ ಹಂಚುವ ಪದ್ಧತಿಗೆ ಗೋವೆಯಲ್ಲಿ ‘ಕೊನ್ಸುವಾಡ’ವೆಂಬ ಪೋರ್ಚುಗೀಸ್ ಹೆಸರಿದೆ, ಸಂಕ್ರಾಂತಿಗೆ ಕುಸುರೆಳ್ಳು ಬೀರುವ ನಾಡಿಗೆ ಅದನ್ನು ವಿವರಿಸಿ ಹೇಳಬೇಕಾಗಿ ಬರಲಿಲ್ಲ.

ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನದ ಹಬ್ಬವನ್ನು ನೋಡಿದರಂತೂ ಈ ಆಚರಣೆಗಳ ಬಹುಭಾಗವು ಈ ನೆಲದ್ದೇ ಎಂಬ ಅಭಿಪ್ರಾಯವು ಇನ್ನೂ ದೃಢವಾಗುವುದು. ‘ಮೊಂತಿ’ ಹಬ್ಬವೆಂದು ಮಂಗಳೂರ ಕ್ರೈಸ್ತರು ಕರೆಯುವ ಆ ದಿನ ಮಕ್ಕಳು ಬಾಲಮರಿಯಳ ಪ್ರತಿಮೆಗೆ ಹೂವೆರಚುವರು. ಹೊಸ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದವಾಗುವುದು. ಮನೆಯ ಹಿರಿಯನು ಆ ಹೊಸ ಕಾಳನ್ನು ಹಾಲಿನಲ್ಲಿ ಬೆರೆಸಿ ಎಲ್ಲರಿಗೂ ಹಂಚುವನು. ಊಟವೆಲ್ಲ ಸಸ್ಯಾಹಾರ, ಪಲ್ಯಗಳು ಬೆಸಸಂಖ್ಯೆಯಲ್ಲಿರಬೇಕು, ಬಾಳೆಯ ಎಲೆಯಲ್ಲಿ ಬಡಿಸಬೇಕು. ಇದು ಪೋರ್ಚುಗೀಸರ ಹಬ್ಬವೆಂದು ಲಿಸ್ಬನ್ನಿನವರಿಗೆ ಹೇಳಿದರೆ ಅವರು ನಂಬುವುದು ಕಷ್ಟ; ಚವತಿಯ ಹಬ್ಬವೆಂದು ನಮ್ಮವರಿಗೆ ಹೇಳಿದರೆ ಒಪ್ಪಿಯಾರು.

1953ರಲ್ಲಿ ಗೋವೆ ಮತ್ತು ಪುಣೆಯ ಧರ್ಮಪ್ರಾಂತಗಳ ಭಾಗಗಳನ್ನು ಕೂಡಿಸಿ ಬೆಳಗಾವಿಯ ಹೊಸ ಧರ್ಮಪ್ರಾಂತವು ರಚಿತವಾದಾಗ ಹುಬ್ಬಳ್ಳಿಯೂ ಅದರೊಳಗೆ ಬಂದಿತು. ಅದಾದ ಎರಡು ವರ್ಷಗಳಲ್ಲಿ ರಾಜಕೀಯವು ಇನ್ನೂ ಕಠಿನವಾದ ಗೆರೆಯನ್ನೆಳೆಯಿತು. 1955ರ ಆಗಸ್ಟ್ 15ರಂದು ಗೋವೆಯ ಗಡಿಯನ್ನು ದಾಟಿದ ನಿಃಶಸ್ತ್ರ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸ್ ಪೋಲೀಸರು ಗುಂಡು ಹಾರಿಸಿದ ಮೇಲೆ ಭಾರತವು ಗೋವೆಯೊಡನೆಯ ವ್ಯವಹಾರವನ್ನೆಲ್ಲ ಕಡಿದುಕೊಂಡಿತು. ಕ್ಯಾಸಲ್‌ರಾಕಿನಿಂದ ಕೆ‍ಳಕ್ಕೆ ರೈಲು ಇಳಿಯದಾಯಿತು. ಗೋವೆಯವರು ಹಾಲೆಂಡಿನಿಂದ ಬಟಾಟೆಯನ್ನು ತರಿಸಿಕೊಂಡು ತಿನ್ನುವ ಪರಿಸ್ಥಿತಿ ಬಂದಿತು, ಬೆಳಗಾವಿಯ ಬಟಾಟೆಯು ಘಟ್ಟದ ಮೇಲೆ ಬಿದ್ದುಕೊಂಡಿರುವಾಗ! ಘಟ್ಟದ ಮೇಲಿನ ಗೋವೆಯ ಕುಟುಂಬಗಳಿಗೆ ಇದು ಬರಿಯ ರಾಜಕಾರಣವಾಗಿರಲಿಲ್ಲ. ತಾಯಿತಂದೆಗಳು ಒಂದು ಕಡೆಗೆ, ಪಗಾರ ಇನ್ನೊಂದು ಕಡೆಗೆ. ಪರವಾನಿಗೆಯಿಲ್ಲದೆ ಹೋಗುವಂತಿಲ್ಲ, ಬರುವಂತಿಲ್ಲ. ಇಂಥ ವರ್ಷಗಳಲ್ಲಿ ಅಡಿಗೆಯು ಸ್ಥಳಕ್ಕೆ ಒಗ್ಗಿಕೊಳ್ಳದೆ ಗತ್ಯಂತರವಿಲ್ಲ. ತೋಟದ ಕಳ್ಳಿನ ಹುಳಿ ಸಿಗದಲ್ಲಿ ಅಂಗಡಿಯ ಸಿರ್ಕಾ ಸಾಕೆನಿಸುವುದು, ಸಮುದ್ರದ ಮೀನಿನ ಸ್ಥಳವನ್ನು ಕೆರೆಯ ಮೀನು ಹಿಡಿಯುವುದು. 1961ರ ಡಿಸೆಂಬರ್ 19ರಂದು ಗೋವೆಯು ವಿಮೋಚನೆ ಹೊಂದಿತು. ಕ್ರಿಸ್ಮಸ್ಸಿಗೆ ಇನ್ನು ಆರು ದಿನ ಉಳಿದಿದ್ದವು.

ಆ ಬಳಿಕ ಬಂದ ಬದಲಾವಣೆಗಳು ಶೀಘ್ರವಾದವು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಿರ್ಣಯದಿಂದ ಲ್ಯಾಟಿನ್ ಪೂಜೆಯು ಹಿಂದೆ ಸರಿದು ದೇಶಭಾಷೆಗಳು ಪೂಜಾಪೀಠವನ್ನೇರಿದವು. ಮೀಟರ್ ಗೇಜು ಹೋಗಿ ಅಗಲ ಹಳಿ ಬಂದಿತು. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಮುಖ್ಯ ಸ್ಥಾನವಾಯಿತು. ಕೇಶ್ವಾಪುರದಲ್ಲಿ ಮಕ್ಕಳು ಓದುವ ಫಾತಿಮಾ ಕಾನ್ವೆಂಟ್ ಶಾಲೆಯ ಹೆಸರು, 1917ರಲ್ಲಿ ಮೂವರು ಕುರಿಗಾಹಿ ಮಕ್ಕಳಿಗೆ ಮರಿಯಮ್ಮನವರು ದರ್ಶನವಿತ್ತರೆಂದು ಭಕ್ತರು ನಂಬುವ ಪೋರ್ಚುಗಲ್ಲಿನ ಊರೊಂದರದು. ಆ ಶಾಲೆಯ ಮಕ್ಕಳಲ್ಲಿ ಎಷ್ಟೋ ಮಂದಿ ಅದನ್ನು ಅರಿಯದೆಯೇ ದಿನಾಲು ಉಚ್ಚರಿಸುವರು, ಬ್ಯಾಡಗಿಯ ಖಾರವನ್ನು ತಿನ್ನುವಂತೆಯೇ.

ಇಗರ್ಜಿಯ ದಫ್ತರುಗಳಲ್ಲಿ ಜ್ಞಾನಸ್ನಾನವೂ ಮದುವೆಯೂ ಮರಣವೂ ತಾರೀಖಿನೊಡನೆ ಬರೆಯಲ್ಪಟ್ಟಿರುತ್ತವೆ. ರೈಲ್ವೆಯ ದಫ್ತರುಗಳಲ್ಲಿ ನೇಮಕವೂ ನಿವೃತ್ತಿಯೂ ಇರುತ್ತವೆ. ಮನೆಯ ಅಜ್ಜಿಯು ದೋದೋಲನ್ನು ಯಾವ ಹದದಲ್ಲಿ ಇಳಿಸುತ್ತಿದ್ದಳೆಂಬುದನ್ನು ಬರೆದಿಡುವ ದಫ್ತರು ಯಾವುದೂ ಇಲ್ಲ. ಅದು ಅವಳ ಕೈಯಿಂದ ಸೊಸೆಯ ಕೈಗೆ ಬಂದರೆ ಬಂದಿತು, ಇಲ್ಲವಾದರೆ ಬೇಕರಿಯಿಂದ ಕೊಂಡು ತಂದುದರಲ್ಲಿ ಮುಗಿಯಿತು. ಧಾರವಾಡದಲ್ಲಿ 1890ರಷ್ಟು ಹಿಂದೆಯೇ ಹುಟ್ಟಿದ ವಿದ್ಯಾವರ್ಧಕ ಸಂಘವಿದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ. ಶಾಸನಗಳನ್ನೂ ಕೈಬರಹಗಳನ್ನೂ ಹುಡುಕಿ ಊರೂರು ಅಲೆದ ವಿದ್ವಾಂಸರ ಪರಂಪರೆಯಿದೆ. ಮೀಟರ್ ಗೇಜಿನ ಕಾಲವನ್ನು ಕಂಡ ರೈಲ್ವೆ ಮನೆತನಗಳ ಹಿರಿಯ ಹೆಂಗಸರು ಇನ್ನೂ ಕೆಲವರಾದರೂ ಇರುವಾಗಲೇ, ಅವರಲ್ಲಿಗೆ ಲೇಖನಿ ಹಿಡಿದು ಹೋಗಿ ಕುಸ್ವಾರದ ಪಾಕಗಳನ್ನೂ ವೋವಿಯೊಗಳನ್ನೂ ಬರೆದುಕೊಳ್ಳುವ ಕೆಲಸವನ್ನು ಆ ವಿದ್ವಾಂಸರಲ್ಲಿ ಯಾರಾದರೂ ಕೈಗೊಳ್ಳಬೇಕು. ಧಾರವಾಡದಿಂದ ಕೇಶ್ವಾಪುರಕ್ಕೆ ಇಪ್ಪತ್ತು ಕಿಲೋಮೀಟರಿನ ಆಚೀಚೆಯ ದಾರಿ.